ಗೂಬೆಗಿಟ್ಟ ಕುಂಕುಮ

ಬೈರಮ್ಮ: ಅಳಿಸ್ಬ್ಯಾಡ ಅಂದ್ರೆ ಅಳಿಸ್ಬ್ಯಾಡ! ಮುತ್ತೈದೆ ಇಟ್ಟ ಕುಂಕುಮ ಕಣ್ಲಾ ಅದು. ಮುಟ್ಟಿದ್ಯೋ, ಕೈ ಮುರೀತೀನಿ.

ಅಂಬರೀಶ: ಅತ್ತೇ, ಅದು ಗೂಬೆ!

ಬೈರಮ್ಮ: ಗೂಬೆ ಆಗಿದ್ದಕ್ಕೇ ಇಟ್ಟಿದ್ದು. ಮನೆ ತುಂಬ ಗೂಬೆ ತಂದು ಸುರ್ಕಂಡಿದ್ದೀಯ. ಈ ಬಾಗಲೂರ್ನಾಗೆ ಇನ್ಯಾರ ಮನೇಲೈತೆ ಇಂಥಾ ಅನಿಷ್ಟ?

ಗೂಬೆ ಎಂದರೆ ಜೀವವಿರುವ ಗೂಬೆಯಲ್ಲ. ಹೊಸೂರಿನಲ್ಲಿ ನಡೆಯಲಿದ್ದ ಹ್ಯಾಕರ್‌ಗಳ ಸಮ್ಮೇಳನಕ್ಕೆಂದು ಅಂಬರೀಶ ಮಾಡಿದ್ದ ಎಲೆಕ್ಟ್ರಾನಿಕ್ ಬ್ಯಾಡ್ಜುಗಳು. ಸರ್ಕ್ಯೂಟ್ ಬೋರ್ಡನ್ನೇ ಗೂಬೆಯ ಆಕಾರಕ್ಕೆ ಕತ್ತರಿಸಿ, ಕಣ್ಣಿಗೆ ಕೆಂಪು ದೀಪ ಕೂರಿಸಿದ್ದ. ಹೊಸ ಯಂತ್ರ ಮನೆಗೆ ಬಂದರೆ, ಅದು ಮಿಕ್ಸಿಯಾಗಲಿ ಮೋಟರಾಗಲಿ, ಕುಂಕುಮ ಇಡದೆ ಬಿಡುವ ಜಾಯಮಾನ ಅವನ ಸೋದರತ್ತೆ ಬೈರಮ್ಮನದಲ್ಲ. ಅವನು ಸ್ನಾನ ಮಾಡಿ ಬರುವಷ್ಟರಲ್ಲಿ ಕುಂಕುಮ ಕಲಸಿ, ಒಂದೊಂದು ಗೂಬೆಯ ಹಣೆಗೂ ಕಾಸಗಲ ಬೊಟ್ಟಿಟ್ಟಿದ್ದಳು. ಈಗ ಗೂಬೆಗಳೆಲ್ಲ ಕಣ್ಣು ಕೆಂಪಗೆ ಮಾಡಿಕೊಂಡು ಒಟ್ಟಿಗೇ ಕೂಗುತ್ತಿದ್ದವು.

ಬೈರಮ್ಮ: ಕೇಳುಸ್ತಾ? ಹಗಲೊತ್ನಾಗೆ ಕೂಗ್ತವೆ! ಕುಂಕುಮ ಸಾಲ್ದು. ತಡಿ, ಇನ್ನೊಂದೊಂದು ಬೊಟ್ಟಿಡ್ತೀನಿ.

ಅಂಬರೀಶ: ಬ್ಯಾಡಾ! ಕುಂಕುಮದಿಂದ್ಲೇ ಕೂಗ್ತಿರೋದು!

ಬೈರಮ್ಮ: ನನ್ ಕುಂಕುಮಕ್ಕೇ ಹೆಸರಿಡ್ತೀಯಾ?

ಅಂಬರೀಶ: ಹಣೆ ಮೇಲೊಂದು ಚುಕ್ಕಿ ಐತಲ್ಲ, ಅದು ಬೆಳಕು ನೋಡೋ ಸೆನ್ಸರ್. ಅದನ್ನ ಮುಚ್ಚಿದ್ರೆ ಗೂಬೆ ಕತ್ಲಾಯ್ತು ಅಂದ್ಕೊಂಡು, ಒಳಗೆ ಪ್ರೋಗ್ರಾಮ್ನಾಗೆ ನಾನಿಟ್ಟಿರೋ ಬೀಗ ತೆರೆದು ಕೂಗ್ತದೆ.

ಬೈರಮ್ಮ: ಬೀಗ ಯಾಕ್ಲಾ ಇಟ್ಟೆ?

ಅಂಬರೀಶ: ಬಂದೋರು ಮುರೀಲಿ ಅಂತ.

ಬೈರಮ್ಮ: ಮುರ್ಯಾಕೆ ಬೀಗ ಮಾಡ್ತಾರಾ? ಅದೇನು ಕಳ್ಳರ ಮದುವೇನಾ?

ಅಂಬರೀಶ: ಕಳ್ಳರಲ್ಲ ಅತ್ತೆ. ಬೀಗ ಎಲ್ಲಿ ಸಡ್ಲ ಐತೆ ಅಂತ ಕಂಡುಹಿಡಿಯೋರು. ಎರಡು ದಿನ ತಲೆ ಕೆಡಿಸ್ಕಬೇಕು ಅವ್ರು.

ಬೈರಮ್ಮ: ನಾನು ಕೆಡಿಸ್ಕಳ್ಳಲೇ ಇಲ್ವಲ್ಲ!

ಅಂಬರೀಶನಿಗೆ ಅಳು ಬರುವುದೊಂದು ಬಾಕಿ. ಅಲ್ಲಿಗೆ ಬರುವ ಬುದ್ಧಿವಂತರೆಲ್ಲ ತಂತಿ ಕೆದಕುತ್ತಾ ಕೂರುತ್ತಾರೆ, ಬೆರಳಿಟ್ಟು ಹಣೆ ಮುಚ್ಚುವ ದಡ್ಡ ಉಪಾಯ ಯಾರಿಗೂ ಹೊಳೆಯುವುದಿಲ್ಲ ಎಂದು ಅವನು ನಂಬಿದ್ದ. ಸಮ್ಮೇಳನದ ಮುಖ್ಯಸ್ಥೆ ಚಂದ್ರಲೇಖಾ ಬ್ಯಾಡ್ಜು ಒಯ್ಯಲು ಬರುತ್ತಿದ್ದಳು. ತನ್ನ ಕೈಯಲ್ಲೇ ಬೀಗ ತೆರೆದುಕೊಂಡರೆ ಇವು ಬೇಡವೇ ಬೇಡ, ಎಲ್ಲರ ಕೊರಳಿಗೂ ರಟ್ಟಿನ ಚೀಟಿ ಕಟ್ಟುತ್ತೇನೆ ಎಂದು ಮೊದಲೇ ಹೇಳಿದ್ದಳು. ಊಟ ನಿದ್ದೆ ಬಿಟ್ಟು ಮಾಡಿದ ಕೆಲಸ ಒಂದು ಬೊಟ್ಟಿನಲ್ಲಿ ಮಣ್ಣುಪಾಲಾಗುವಂತಿತ್ತು.

ಅಂಬರೀಶ: ನಿನ್ ಕಾಲಿಗೆ ಬೀಳ್ತೀನಿ ಅತ್ತೆ, ಒರೆಸ್ಲಾ?

ಬೈರಮ್ಮ: ಬೀಳು, ಆಶೀರ್ವಾದ ಮಾಡ್ತೀನಿ. ಒರೆಸಕ್ಕೆ ಮಾತ್ರ ಬುಡಲ್ಲ. ಇಟ್ಟ ಕುಂಕುಮ ಅಳಿಸೋ ಗಂಡು ಈ ಸೀಮೇಲಿ ಇನ್ನೂ ಹುಟ್ಟಿಲ್ಲ.

ಈ ಮಾತು ಕಿವಿಗೆ ಬಿದ್ದದ್ದೇ ತಡ, ಅಂಬರೀಶ ಲ್ಯಾಪ್‌ಟಾಪ್ ಎಳೆದುಕೊಂಡು ಪ್ರೋಗ್ರಾಮನ್ನೇ ತಿರುವುಮುರುವು ಮಾಡಿದ. ಇನ್ನು ಹಣೆ ಮುಚ್ಚಿದ್ದರೆ ಬೀಗ ಭದ್ರ, ಬೆಳಕು ಬಿದ್ದರೆ ಬಯಲು. ಅದನ್ನು ತಂತಿಯಿಲ್ಲದೆಯೇ ಎಲ್ಲ ಗೂಬೆಗಳಿಗೂ ಒಮ್ಮೆಗೇ ಕಳಿಸಿದ. ಮನೆ ಗಪ್‌ಚುಪ್ಪಾಯಿತು.

ಬೈರಮ್ಮ: ನೋಡ್ದಾ? ಈಗ ಹಿಡೀತು ಕುಂಕುಮ.

ಅಂಬರೀಶ: ಇನ್ಮೇಲೆ ಕುಂಕುಮ ಅಳಿಸ್ದೋರಿಗೇ ಬೀಗ ತೆರೆಯೋದು.

ಬೈರಮ್ಮ: ಹಂಗಾರೆ ಯಾವ ಜನ್ಮಕ್ಕೂ ತೆರೆಯಲ್ಲ ಬುಡು.

ಬಾಗಿಲಲ್ಲಿ ಕಾರು ನಿಂತಿತು. ಚಂದ್ರಲೇಖಾ ಒಂದು ಗೂಬೆ ಎತ್ತಿಕೊಂಡು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಕುಟ್ಟಿದಳು, ತಿರುಗಿಸಿದಳು, ಅಲುಗಾಡಿಸಿದಳು. ಬೈರಮ್ಮ ಕೊಟ್ಟ ಕಾಫಿ ಪಕ್ಕದಲ್ಲೇ ಆರಿ ಕೆನೆಗಟ್ಟಿತು.

ಚಂದ್ರಲೇಖಾ: ಅಂಬರೀಶ್, ನನಗೆ ಗೊತ್ತಿದ್ದ ಆಟ ಎಲ್ಲ ಆಡಿಯಾಯ್ತು. ಜಪ್ಪಯ್ಯ ಅಂದ್ರೂ ತೆರೀತಿಲ್ಲ ಇದು.

ಅಂಬರೀಶ: ಕುಂಕುಮ ನೋಡಿದ್ರಾ ಮೇಡಂ?

ಚಂದ್ರಲೇಖಾ: ನೋಡ್ದೆ. ದೇವರದ್ದು ಅಂತ ಅಲ್ಲಿಗೆ ಮಾತ್ರ ಕೈ ಹಾಕ್ಲಿಲ್ಲ.

ಅಂಬರೀಶನ ಎದೆ ಒಂದು ಗೇಣು ಉಬ್ಬಿತು. ಗೆದ್ದೆ ಎಂದುಕೊಂಡ. ಅದೇ ಹೊತ್ತಿಗೆ ಬೈರಮ್ಮ ಚಂದ್ರಲೇಖಾಳ ಭುಜದ ಮೇಲಿಂದ ಬಗ್ಗಿ ನೋಡಿದಳು.

ಬೈರಮ್ಮ: ಅಯ್ಯೋ ಶಿವನೇ! ಇದೊಂದಕ್ಕೆ ಸೊಟ್ಟಗೆ ಇಟ್ಬುಟ್ಟಿದ್ದೀನಲ್ಲ!

ಅಂಬರೀಶ ಬಾಯಿ ತೆರೆಯುವಷ್ಟರಲ್ಲಿ ಅವಳು ಸೆರಗಿನ ತುದಿಯಿಂದ ಗೂಬೆಯ ಹಣೆಯನ್ನು ಚೊಕ್ಕವಾಗಿ ಒರೆಸಿಯಾಗಿತ್ತು. ಗೂಬೆ ಕಣ್ಣು ಕೆಂಪಗೆ ಮಾಡಿ, ನಾಲ್ಕು ಮನೆಗೆ ಕೇಳುವಂತೆ ಕೂಗಿತು.

ಅಂಬರೀಶ: ಅಳಿಸ್ಬಾರ್ದು ಅಂದ್ಯಲ್ಲ ಅತ್ತೇ!

ಬೈರಮ್ಮ: ನಾನೆಲ್ಲಿ ಅಳಿಸ್ದೆ? ತಿದ್ದಿದೆ ಕಣ್ಲಾ. ಅಳಿಸೋದೇ ಬ್ಯಾರೆ, ತಿದ್ದೋದೇ ಬ್ಯಾರೆ.

ಚಂದ್ರಲೇಖಾ ಗೂಬೆಯನ್ನು ನೋಡಿದಳು, ಬೈರಮ್ಮನನ್ನು ನೋಡಿದಳು, ಲ್ಯಾಪ್‌ಟಾಪ್ ಮುಚ್ಚಿದಳು. ಅಂಬರೀಶನ ಕಣ್ಣ ಮುಂದೆ ರಟ್ಟಿನ ಚೀಟಿಗಳು ಕುಣಿದವು.

ಚಂದ್ರಲೇಖಾ: ನನ್ನ ಕೈಯಲ್ಲಿ ತೆರೆದಿಲ್ಲ, ಮಾತು ಅಂದ್ರೆ ಮಾತು. ಅಷ್ಟೂ ಗೂಬೆ ಕಾರಿಗೆ ಹಾಕಿ. ಎಂಥಾ ಹ್ಯಾಕರ್ ಬೇಕಾದ್ರೂ ಬರ್ಲಿ ನೋಡೋಣ.

ಅಂಬರೀಶ: ಬರ್ಲಿ ಮೇಡಂ!

ಚಂದ್ರಲೇಖಾ: ನಿಮ್ಮತ್ತೇನ ಮಾತ್ರ ಗೇಟಿನೊಳಗೆ ಬಿಡ್ಬೇಡಿ.