ಕೆರೆಯೊಳಗಿದ್ದ ನನ್ನ ತೆಂಗಿನ ತೋಟ

ಓದಿದೋರು ನೆಲ ಅಳೆಯೋಕೆ ಬಂದಾಗಲೆಲ್ಲ ಏನಾದ್ರೂ ಒಂದು ಎಡವಟ್ಟು ಆಗೇ ಆಗ್ತೈತೆ. ಸರಿ ಮಾಡೋಕೆ ಶಾಲೆ ಮೆಟ್ಟಿಲು ಹತ್ತದ ನಾನೇ ಬೇಕು. ಮೂವತ್ತು ವರ್ಷ ಸರ್ವೇಯರ್‌ಗಳ ಜತೆ ಸರಪಳಿ ಎಳೆದವನು ನಾನು. ಅರೇಹಳ್ಳಿ ಕಡೆ ಒಮ್ಮೆ ಸರಪಳಿಯ ಆ ತುದಿ ಹಿಡಿದಿದ್ದು ಹುಲಿ. "ಬಿಗಿಯಾಗಿ ಹಿಡ್ಕೊಳ್ಲಾ" ಅಂದೆ. ಹಿಡ್ಕೊಂತು.

೧. ಮೋಟರ್ ಯಾಕೆ?

ಕಣಕಟ್ಟೆ ಹತ್ರ, ಕೆರೆ ಪಕ್ಕದಲ್ಲೇ ನಮ್ಮ ತೋಟ. ಮೋಟರಿಗೆ ಕರೆಂಟ್ ಕೇಳೋಕೆ ಆಫೀಸಿಗೆ ಹೋದೆ. ಗುಮಾಸ್ತರು ಕಂಪ್ಯೂಟರ್ ನೋಡಿ, "ಅಜ್ಜ, ಹೊಸ ನಕ್ಷೇಲಿ ನಿಮ್ಮ ತೋಟ ಕೆರೆ ಒಳಗಿದೆ" ಅಂದರು.

"ನಿನ್ನೆ ತಾನೇ ಅದರ ಕಾಯಿ ಚಟ್ನಿ ತಿಂದೀನಿ ಸ್ವಾಮಿ! ಕರೆಂಟ್ ಕೊಡಿ, ಮರ ಒಣಗ್ತಾ ಅವೆ."

"ಕೆರೆಯೊಳಗಿರೋ ಮರಕ್ಕೆ ಮೋಟರ್ ಯಾಕಜ್ಜ?"

೨. ಒಂದು ಚೌಕ, ಒಂದೇ ಹೆಸರು

ತೋಟವನ್ನ ಕೆರೆಯಿಂದ ಮೇಲೆತ್ತದೆ ಬಿಡೋನಲ್ಲ ಅಂತ ಹಟ ಹಿಡಿದು ಅಲೆದೆ. ಕೊನೆಗೆ ಇಬ್ಬರು ಬಂದರು. ಒಬ್ಬರು ಕೋಲು ನೆಟ್ಟು ಒಂದೊಂದೇ ಜಾಗ ಅಳೆಯೋ ಸರ್ವೇಯರ್. ಇನ್ನೊಬ್ಬರು ಭೂಮಿಯನ್ನೆಲ್ಲ ಚೌಕ ಚೌಕ ಕತ್ತರಿಸಿ ನಕ್ಷೆ ಮಾಡಿದ ಸಾಹೇಬರು.

"ನಾನು ಅಳೆದ ಜಾಗವೆಲ್ಲ ತೋಟ ಕಣ್ರೀ" ಅಂದರು ಸರ್ವೇಯರ್.

"ಇರಬಹುದು ರೀ. ಆದರೆ ಈ ಚೌಕದಲ್ಲಿ ನೀರೇ ಜಾಸ್ತಿ. ಒಂದು ಚೌಕಕ್ಕೆ ಒಂದೇ ಹೆಸರು, ಪೂರ್ತಿ ಕೆರೆ!"

ನಾನು ಕೇಳಿದೆ: "ನಮ್ಮನೇಲಿ ಮೂವರು ಹೆಂಗಸರು, ಗಂಡಸು ನಾನೊಬ್ಬನೇ. ನಿಮ್ಮ ಲೆಕ್ಕದಲ್ಲಿ ನನಗೂ ಸೀರೆ ಉಡಿಸ್ತೀರಾ ಸಾರ್?"

೩. ಹೆಬ್ಬೆಟ್ಟು

ಇವರಿಬ್ಬರನ್ನ ಹೊಂದಿಸೋಕೆ ನಾನೇ ಇಳಿದೆ. "ಚೌಕಾನ ನೆಲದ ಮೇಲೆ ಎಳೀರಿ, ನೋಡೇ ಬಿಡೋಣ!" ಸರ್ವೇಯರ್ ಮೂಲೆ ತೋರಿಸಿದರು, ನಾನು ಗೂಟ ಹೊಡೆದು ತೆಂಗಿನ ಹಗ್ಗ ಕಟ್ಟಿದೆ. ಪಕ್ಕದ ಚೌಕಕ್ಕೆ ನಕ್ಷೇಲಿ 'ನೆಲ' ಅಂತ ಹೆಸರು. ಸಾಹೇಬರು ಹಗ್ಗದ ತುದಿ ಹಿಡಿದು, ಕಣ್ಣು ನಕ್ಷೆ ಮೇಲಿಟ್ಟು, ಆ ಚೌಕದ ಕಡೆ ಹಿಂದಹಿಂದಕ್ಕೆ ನಡೆದರು. "ಇಲ್ಲೆಲ್ಲ ನೆಲಾನೇ ಅಜ್ಜ, ಇನ್ನೂ ನೆಲ, ಇನ್ನೂ..."

ದುಡುಂ! ಎದೆಮಟ್ಟ ನೀರು.

"ಅಜ್ಜ, ಎಳೀರಿ! ನೀರು!"

"ನೀರೆಲ್ಲೈತೆ ಸಾರ್? ನಕ್ಷೇಲಿ ನೆಲ. ನಡ್ಕೊಂಡು ಬನ್ನಿ."

"ದಡದ ಚೌಕಾನೆಲ್ಲ ಸಣ್ಣಗೆ ಒಡೆದು, ಸರ್ವೇಯರ್ ಅಳತೆ ಸೇರಿಸ್ತೀನಿ! ನಿಮ್ಮದು ತೋಟಾನೇ!"

ಒಂದೇ ಕೈಲಿ ಎಳೆದೆ. ಸಾಹೇಬರ ಜತೆ ಅರ್ಧ ಕೆರೆಯೂ ಬಂತು. ಸರ್ವೇಯರ್ ಅಲ್ಲೇ ಪೆನ್ಸಿಲ್‌ನಲ್ಲಿ ಹಂಗಂತ ಕಾಗದ ಬರೆದರು. ಸಾಹೇಬರ ಸಹಿಗೆ ಪೆನ್ನೇ ಬೇಕಂತೆ. ಸಾಹೇಬರು ಜೇಬು ತಡಕಿದರು; ಇದ್ದೊಂದು ಪೆನ್ನು ಕೆರೆ ಪಾಲು.

ಓದು ಬರದವನ ಜೇಬಲ್ಲಿ ಇಂಕ್ ಪ್ಯಾಡ್ ಯಾವಾಗಲೂ ಇರ್ತೈತೆ. ಬಿಚ್ಚಿ ಹಿಡಿದೆ. ಅಷ್ಟು ಓದಿದ ಸಾಹೇಬರು ಹೆಬ್ಬೆರಳು ನೆಟ್ಟಗೆ ಒತ್ತಿದರು, ಬರೀ ಮಸಿ ಮೆತ್ತಿತು.

"ಹಂಗಲ್ಲ ಸಾರ್," ಅಂತ ಕೈ ಹಿಡಿದು ಕಲಿಸಿದೆ. "ಎಡದಿಂದ ಬಲಕ್ಕೆ, ನಿಧಾನಕ್ಕೆ ಉರುಳಿಸ್ಬೇಕು. ಮೊದಲನೇ ಸಲ ಎಲ್ಲರಿಗೂ ಹಿಂಗೇ."