ಕಾಯಿ ಲೆಕ್ಕದ ಹೊಂಡ

ನನ್ನ ತೋಟದ ಕೃಷಿ ಹೊಂಡವನ್ನು ದೊಡ್ಡದು ಮಾಡುವುದು ಸುಲಭದ ಕೆಲಸ, ಅದಕ್ಕೆ ಯಾರ ಸಲಹೆಯೂ ಬೇಕಿಲ್ಲ ಎಂದು ತೀರ್ಮಾನಿಸಿದಾಗ ನನಗೆ ನನ್ನ ಮೇಲೆ ಬಹಳ ಗೌರವವಿತ್ತು. ಆ ಗೌರವ ಈಗ ಹೊಂಡದೊಳಗೆ ಎಲ್ಲೋ ಇದೆ. ನೀರು ಬತ್ತಿದಾಗ ಹುಡುಕಬೇಕು.

ಮೊದಲಿದ್ದ ಹೊಂಡ ಚಿಕ್ಕದು. ಒಂದು ಜೋರು ಮಳೆಗೇ ತುಂಬಿ, ಉಳಿದ ನೀರೆಲ್ಲ ಹಳ್ಳ ಸೇರುತ್ತಿತ್ತು. ಬೇಸಿಗೆ ಬರುವ ಹೊತ್ತಿಗೆ ಅದರಲ್ಲಿ ಕಪ್ಪೆಯ ಸ್ನಾನಕ್ಕೂ ನೀರು ಸಾಲದು. ದೊಡ್ಡ ಮರಗಳು ಹೇಗೋ ತಡೆದುಕೊಳ್ಳುತ್ತವೆ. ಆದರೆ ಈ ವರ್ಷ ಸಸಿ ನೆಡಬೇಕಿತ್ತು.

ಆ ಸಸಿಗಳ ವಿಷಯ ಹೇಳಬೇಕು. ನಮ್ಮವ್ವ ಮದುವೆಯಾಗಿ ಬಂದ ಹೊಸದರಲ್ಲಿ ನೆಟ್ಟಿದ್ದ ತೆಂಗಿನಮರ ಹೋದ ವರ್ಷ ಸುಳಿ ಒಣಗಿ ಸತ್ತಿತು. ಅದರ ಕೊನೆಯ ಗೊನೆಯ ಕಾಯಿಗಳನ್ನು ನನ್ನ ತಮ್ಮ ನಂಜುಂಡ ಬಿತ್ತನೆಗೆಂದು ಎತ್ತಿಟ್ಟ. ತನ್ನ ತೋಟದ ನನ್ನ ಕಡೆಯ ಅಂಚಿನಲ್ಲಿ ಮರಳಿನ ಮಡಿ ಮಾಡಿ ಹೂತ. ಬಿಸಿಲು ತಾಗದಿರಲಿ ಎಂದು ಮೇಲೆ ಸೋಗೆ ಹೊದಿಸಿದ. ಮೊಳಕೆ ಬಂದವು. ಮುಂಗಾರು ಹಿಡಿದ ಮೇಲೆ ಅರ್ಧ ಸಸಿ ಅವನಿಗೆ, ಅರ್ಧ ನನಗೆ ಎಂದು ಮಾತಾಗಿತ್ತು. ಬೇಸಿಗೆಯಲ್ಲಿ ಅವಕ್ಕೆ ನೀರು ಕೊಡುವುದು ನನ್ನ ಹೊಂಡದ ಜವಾಬ್ದಾರಿ. ಅದಕ್ಕೇ ಈ ವಿಸ್ತರಣೆ.

ನಂಜುಂಡನ ತೋಟಕ್ಕೂ ನನ್ನ ತೋಟಕ್ಕೂ ನಡುವೆ ಇದ್ದದ್ದು ಒಂದು ಬದು. ಹೆಂಡತಿ ತೀರಿಕೊಂಡ ಮೇಲೆ ನನ್ನದು ಒಂಟಿ ಮನೆ. ದಿನಾ ಬೆಳಗ್ಗೆ ಅವನು ಚೊಂಬಿನಲ್ಲಿ ಕಾಫಿ ಹಿಡಿದುಕೊಂಡು ಬದು ದಾಟಿ ಬರುತ್ತಿದ್ದ. ಇಬ್ಬರೂ ಜಗಲಿಯಲ್ಲಿ ಕೂತು ಕುಡಿಯುತ್ತಿದ್ದೆವು. ಅವನು ನನ್ನ ಕೆಲಸಗಳಲ್ಲಿ ತಪ್ಪು ಹುಡುಕುತ್ತಿದ್ದ, ನಾನು ಬೈಯುತ್ತಿದ್ದೆ. ಮನೆಯಲ್ಲಿ ಟೀವಿಯೂ ಇದೆ. ಆದರೆ ಅದು ನನ್ನ ತಪ್ಪು ಹುಡುಕುವುದಿಲ್ಲ.

ಈಗ ಬಜೆಟ್ಟಿಗೆ ಬರೋಣ. ನಾನು ಓದಿದ್ದು ನಾಲ್ಕನೇ ಕ್ಲಾಸು. ದೊಡ್ಡ ಲೆಕ್ಕ ತಲೆಯಲ್ಲಿ ನಿಲ್ಲುವುದಿಲ್ಲ, ಕಾಗದದ ಮೇಲೆ ಹಾಕಿದರೆ ನನಗೇ ಅರ್ಥವಾಗುವುದಿಲ್ಲ. ಆದ್ದರಿಂದ ಅಂಗಳದಲ್ಲಿ ತೆಂಗಿನಕಾಯಿ ಜೋಡಿಸಿ ಆಯವ್ಯಯ ಮಂಡಿಸಿದೆ. ಒಂದು ಕಾಯಿ ಎಂದರೆ ಒಂದು ಸಾವಿರ ರೂಪಾಯಿ. ಜೆಸಿಬಿಗೆ ಒಂದು ಗುಡ್ಡೆ. ನೀರು ಇಂಗದಂತೆ ಹೊಂಡದೊಳಗೆ ಹಾಸುವ ಪ್ಲಾಸ್ಟಿಕ್ ಹಾಳೆಗೆ ಒಂದು ಗುಡ್ಡೆ. ಸುತ್ತ ಬೇಲಿಗೆ ಒಂದು ಸಣ್ಣ ಗುಡ್ಡೆ. ಇಷ್ಟು ಖರ್ಚು. ಎದುರಿಗೆ ಆದಾಯದ ಗುಡ್ಡೆ. ಇದೇ ನನ್ನ ಬುದ್ಧಿವಂತಿಕೆ. ನಮ್ಮ ಕಡೆ ತೆಂಗಿನ ಬುಡಕ್ಕೆ ಹೊಸ ಮಣ್ಣು ಹೊಡೆಸದ ರೈತನಿಲ್ಲ, ಕೆರೆಯ ಹೂಳಿನ ಗೋಡುಮಣ್ಣಿಗೆ ಟ್ರ್ಯಾಕ್ಟರುಗಳು ಸಾಲು ನಿಲ್ಲುತ್ತವೆ. ಹೊಂಡದಿಂದ ತೆಗೆದ ಮಣ್ಣನ್ನು ಲೋಡಿನ ಲೆಕ್ಕದಲ್ಲಿ ಮಾರಿದರೆ ಖರ್ಚೆಲ್ಲ ಹೊರಟುಹೋಗುತ್ತದೆ. ಎರಡೂ ಕಡೆ ಎಣಿಸಿದೆ. ಸಮ! ಅಂದರೆ ಹೊಂಡ ಪುಕ್ಕಟೆ.

ಬೆಳಗ್ಗೆ ನಂಜುಂಡ ಬಂದು ಕಾಯಿಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಮಣ್ಣಿನ್ ಗುಡ್ಡೆ ಯಾಕಣ್ಣ ಈ ಕಡೆ ಐತೆ?"

"ಅದು ಬರೋ ದುಡ್ಡು ಕಣ್ಲಾ."

"ಮಣ್ಣು ಬರಲ್ಲ ಕಣಣ್ಣ. ಬಿದ್ದಿರ್ತದೆ. ಅದ್ನ ಎಲ್ಲಿಗ್ ಹಾಕೋದು ಅಂತ ಮೊದ್ಲು ನೋಡು."

ಹೀಗೆಂದು ಬೇಲಿಯ ಗುಡ್ಡೆಯಿಂದ ಎರಡು ಸುಲಿದ ಕಾಯಿ ಎತ್ತಿಕೊಂಡ. ಅವನ ಮನೆಯಲ್ಲಿ ಸುಲಿದ ಕಾಯಿ ಮುಗಿದಿತ್ತಂತೆ, ಹುಳಿಗೆ ಬೇಕಂತೆ. ಅದು ಬೇಲಿಯ ಹಣ, ಮುಟ್ಟಬೇಡ ಎಂದು ಕೂಗಿದೆ. "ಬೇಲಿ ಆಮೇಲ್ ಹಾಕ್ಸು ಬುಡು" ಎಂದು ಹೊರಟೇಬಿಟ್ಟ. ಹೀಗೆ ನನ್ನ ಬಜೆಟ್ಟಿನ ಎರಡು ಸಾವಿರ ರೂಪಾಯಿ ಮಧ್ಯಾಹ್ನ ಹುಳಿಯಾಯಿತು. ಅದರಲ್ಲಿ ಒಂದು ಬಟ್ಟಲು ನನಗೂ ಬಂತು. ಚೆನ್ನಾಗಿತ್ತು ಎಂದು ಮಾತ್ರ ಹೇಳಲಿಲ್ಲ.

ಅದೇ ವಾರ ಅವನು ಹೆಂಡತಿಯೊಡನೆ ಬೋರನಕಣಿವೆ ಕಡೆ ಬೀಗರ ಮನೆಯ ಗೃಹಪ್ರವೇಶಕ್ಕೆ ಹೊರಟ. ಹೊರಡುವಾಗ, ತಾನು ಬರುವ ತನಕ ಮಿಷನ್ ತರಿಸಬೇಡ, ಮಣ್ಣಿಗೆ ಜಾಗ ಇಬ್ಬರೂ ಸೇರಿ ನೋಡೋಣ ಎಂದ. ಆಯ್ತು ಹೋಗ್ಲಾ ಎಂದೆ. ಬಸ್ಸು ತಿರುವು ದಾಟಿತೋ ಇಲ್ಲವೋ, ನಾನು ಜೆಸಿಬಿಯವನಿಗೆ ಫೋನು ಮಾಡಿದೆ. ನಂಜುಂಡ ಬರುವಷ್ಟರಲ್ಲಿ ಕೆಲಸ ಮುಗಿದಿರಬೇಕು, ಅವನು ಬಾಯಿ ಮುಚ್ಚಿಕೊಂಡು ನೋಡಬೇಕು ಎಂಬುದೇ ನನ್ನ ಆಸೆ.

ಹಾಳೆ ತರಲು ತಿಪಟೂರಿಗೆ ಹೋದೆ. ಅಂಗಡಿಯವನು ಹೊಂಡದ ಆಳ ಎಷ್ಟು ಎಂದು ಕೇಳಿದ. ಆಳ ನಾನು ನೋಡಿಕೊಳ್ಳುತ್ತೇನೆ, ನೀವು ಉದ್ದ ಅಗಲ ಬರೆದುಕೊಳ್ಳಿ ಎಂದು ಗಂಭೀರವಾಗಿ ಹೇಳಿದೆ. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಬರೆದುಕೊಂಡ. ಆ ನೋಟದ ಅರ್ಥ ನನಗೆ ಆಮೇಲೆ ಆಯಿತು.

ಮಾರನೆಯ ದಿನ ಜೆಸಿಬಿ ಬಂತು. ಅದಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ಡ್ರೈವರ್ ಬೀಡಿ ಹಚ್ಚಿದರೂ ನನ್ನ ಎದೆಯಲ್ಲಿ ಕಾಯಿ ಉರುಳಿದ ಸದ್ದಾಗುತ್ತಿತ್ತು. ಮೇಲೆ ಮೊಣಕಾಲುದ್ದ ಕೆಂಪು ಮಣ್ಣು ಬಂತು. ಅದರ ಕೆಳಗೆ ಬಂದದ್ದೆಲ್ಲ ಸುಣ್ಣದಂಥ ಬಿಳಿ ಗರಸು. ಮಣ್ಣಿಗೆಂದು ಟ್ರ್ಯಾಕ್ಟರ್ ತಂದಿದ್ದ ಪಕ್ಕದೂರಿನ ರೈತ ಅದನ್ನು ಒಂದು ಹಿಡಿ ಎತ್ತಿ ನೋಡಿ, ಇದನ್ನು ತೆಂಗಿನ ಬುಡಕ್ಕೆ ಹಾಕಿದರೆ ತೆಂಗು ಶಾಪ ಹಾಕುತ್ತದೆ ಎಂದು ಖಾಲಿ ಟ್ರ್ಯಾಕ್ಟರನ್ನು ತಿರುಗಿಸಿಕೊಂಡು ಹೋದ. ನನ್ನ ಆದಾಯದ ಗುಡ್ಡೆ ಆ ಟ್ರ್ಯಾಕ್ಟರಿನ ಹಿಂದೆಯೇ ಹೊರಟುಹೋಯಿತು.

ನಾನು ಅವನ ಹಿಂದೆ ಓಡುತ್ತಿದ್ದೆ. ಅರ್ಧ ಬೆಲೆಗೆ ಕೊಡುತ್ತೇನೆ, ಪುಕ್ಕಟೆ ಕೊಡುತ್ತೇನೆ ಎಂದು ಕೂಗುತ್ತಿದ್ದೆ. ಆಗ ಡ್ರೈವರ್ ಹಿಂದಿನಿಂದ ಕರೆದ.

"ಯಜಮಾನ್ರೇ, ಮಣ್ಣು ಬದುವಿನ್ ಕಡೆ ಹಾಕ್ಲಾ? ಅಲ್ಲೇನೋ ಐತಲ್ಲ?"

"ಏನಿಲ್ಲ ಕಣಪ್ಪ, ಸೋಗೆ. ಹಾಕು."

ತಿರುಗಿ ನೋಡಲಿಲ್ಲ. ಕತ್ತು ತಿರುಗಿಸಲು ಬಾಡಿಗೆ ಬೀಳುತ್ತಿರಲಿಲ್ಲ. ಆದರೂ ತಿರುಗಿಸಲಿಲ್ಲ.

ಸಂಜೆ ಹಾಳೆ ಬಿಚ್ಚಿದೆವು. ಹೊಂಡದ ಮೇಲೆ ಹರಡಿದಾಗ ಅಂಚಿನಿಂದ ಅಂಚಿಗೆ ಅಳತೆ ಮಾಡಿಸಿದಂತೆ ಕೂತಿತು. ನನ್ನ ಎದೆ ಉಬ್ಬಿತು. ಆಮೇಲೆ ಒಳಗೆ ಇಳಿಸಿದೆವು. ತಳ ಮುಟ್ಟುವಷ್ಟರಲ್ಲಿ ನಾಲ್ಕೂ ಅಂಚು ಅರ್ಧ ಗೋಡೆಗೆ ಬಂದು ನಿಂತಿದ್ದವು. ನಾನು ತಂದದ್ದು ಹೊಂಡದ ಮುಚ್ಚಳ! ಇಳಿಜಾರಿಗೂ ಹಾಳೆ ಬೇಕು ಎಂಬುದು ನನ್ನ ಕಾಯಿಗಳಿಗೆ ಹೊಳೆದಿರಲಿಲ್ಲ.

ಗಾಳಿ ಬೀಸಿ ಹಾಳೆ ಮಗುಚತೊಡಗಿತು. ಅದರ ಮೇಲೆ ಹೇರಲು ಒಂದಿಷ್ಟು ಸೋಗೆ ತರೋಣ ಎಂದು ನಂಜುಂಡನ ತೋಟದ ಕಡೆ ತಿರುಗಿದೆ. ಸೋಗೆ ಇರಲಿಲ್ಲ. ಬದುವೂ ಇರಲಿಲ್ಲ. ಅಲ್ಲೊಂದು ಬಿಳಿ ಗುಡ್ಡ ನಿಂತಿತ್ತು.

ಆ ಸೋಗೆಯ ಕೆಳಗೆ ಏನಿತ್ತು ಎಂಬುದು ಆಗ ನೆನಪಾಯಿತು. ದಿನಾ ಅವನು ಅದಕ್ಕೆ ನೀರು ಹಾಕುವುದನ್ನು ಜಗಲಿಯಿಂದ ನೋಡಿದ್ದವನು ನಾನು. ಗುದ್ದಲಿ ಹಿಡಿದು ಅಗೆದೆ. ಗರಸು ಒಂದು ಮಂಕರಿ ತೆಗೆದರೆ ಎರಡು ಮಂಕರಿ ಜಾರಿ ಬೀಳುತ್ತಿತ್ತು. ಕೊನೆಗೆ ಸಿಕ್ಕಿದ್ದು ಮೊಳಕೆ ಮುರಿದ ಒಂದು ಕಾಯಿ. ಸಸಿಗೆ ನೀರಿರಲಿ ಎಂದು ಹೊಂಡ ತೋಡಿಸಿ, ತೋಡಿದ ಮಣ್ಣಿನಲ್ಲಿ ಸಸಿಯನ್ನೇ ಹೂತ ಕೀರ್ತಿ ಈ ತಾಲ್ಲೂಕಿನಲ್ಲಿ ನನಗೊಬ್ಬನಿಗೇ ಸಲ್ಲಬೇಕು.

ನಂಜುಂಡ ಊರಿಂದ ಬಂದ. ಗುಡ್ಡ ನೋಡಿದ. ಹೊಂಡದೊಳಗೆ ಮುದುಡಿ ಬಿದ್ದಿದ್ದ ಹಾಳೆ ನೋಡಿದ. ಮುರಿದ ಕಾಯಿಯನ್ನು ನಾನು ಜಗಲಿಯ ಮೇಲೆ ಇಟ್ಟಿದ್ದೆ. ಅದನ್ನು ಕೈಗೆತ್ತಿಕೊಂಡ. ಅವನು ಕೂಗಾಡಿದರೆ ಏನೇನು ಹೇಳಬೇಕು ಎಂದು ನಾನು ತಯಾರಾಗಿದ್ದೆ. ಡ್ರೈವರ್ ಮೇಲೆ ಹಾಕಲು ಒಂದು ಮಾತು, ಗಾಳಿಯ ಮೇಲೆ ಹಾಕಲು ಒಂದು ಮಾತು, ಎಲ್ಲ ಇತ್ತು.

"ಅವ್ವನ್ ಮರದ್ದು ಅಂತ ಹೇಳಿದ್ನಲ್ಲಣ್ಣ" ಎಂದ.

ಅಷ್ಟೇ. ಕಾಯಿ ಹಿಡಿದುಕೊಂಡು ರಸ್ತೆ ಸುತ್ತಿ ತನ್ನ ಮನೆಗೆ ಹೋದ. ಬದು ದಾಟಿ ಹೋಗಲು ಬದು ಎಲ್ಲಿತ್ತು?

ಆಮೇಲೆ ಅವನು ಬರಲಿಲ್ಲ. ಕಾಫಿ ನಾನೇ ಮಾಡಿಕೊಳ್ಳುತ್ತೇನೆ. ಅಭ್ಯಾಸದಲ್ಲಿ ಎರಡು ಲೋಟ ಮಾಡಿ, ಎರಡನ್ನೂ ಕುಡಿದು, ಮಧ್ಯಾಹ್ನದವರೆಗೆ ಹುಳಿತೇಗು ತೇಗುತ್ತೇನೆ. ಜಗಲಿಯಲ್ಲಿ ಕೂತರೆ ಮೊದಲು ಅವನ ಮನೆಯ ಬಾಗಿಲು ಕಾಣುತ್ತಿತ್ತು, ಈಗ ಗುಡ್ಡ ಕಾಣುತ್ತದೆ. ಅದರ ಆಚೆ ಅವನು ದನಕ್ಕೆ ಗದರುವುದು ಕೇಳುತ್ತದೆ. ಆ ದನದ ಮೇಲೆ ನನಗೆ ಹೊಟ್ಟೆಕಿಚ್ಚು.

ಮಳೆ ಶುರುವಾಗಿದೆ. ಪ್ರತಿ ಮಳೆಗೂ ಗುಡ್ಡದ ಗರಸು ಕರಗಿ ಹೊಂಡಕ್ಕೇ ಇಳಿಯುತ್ತಿದೆ. ಹೀಗೇ ಬಿಟ್ಟರೆ ಹೊಂಡ ತನ್ನ ಹಳೆಯ ಅಳತೆಗೆ ತಾನೇ ಮರಳುತ್ತದೆ. ಗುಡ್ಡ ಪೂರ್ತಿ ಕರಗುವವರೆಗೆ ಕಾಯುವ ತಾಳ್ಮೆ ನನಗಿಲ್ಲ. ಅದಕ್ಕೇ ಅದನ್ನು ಎತ್ತಿಸಿ, ಬದು ಮೊದಲಿನ ಹಾಗೆ ಮಾಡಿಸಲು ಹೊಸ ಬಜೆಟ್ ಮಂಡಿಸಿದ್ದೇನೆ. ಅಂಗಳದಲ್ಲಿ ಕಾಯಿ ಜೋಡಿಸಿದ್ದೇನೆ. ಈ ಸಲ ಆದಾಯದ ಗುಡ್ಡೆ ಇಲ್ಲ, ಎಲ್ಲ ಖರ್ಚೇ. ಹುಳಿಗಾಗುವಂಥ ಎರಡು ಒಳ್ಳೆಯ ಕಾಯಿಗಳನ್ನು ಸುಲಿದು, ಕೈಗೆ ಸುಲಭವಾಗಿ ಸಿಗಲಿ ಎಂದು ಅಂಚಿನಲ್ಲೇ ಇಟ್ಟಿದ್ದೇನೆ.

ದಿನಾ ಬೆಳಗ್ಗೆ ಎದ್ದು ಎಣಿಸುತ್ತೇನೆ. ಒಂದೂ ಕಮ್ಮಿಯಾಗಿಲ್ಲ. ಇಷ್ಟು ಸರಿಯಾದ ಲೆಕ್ಕವನ್ನು ನಾನು ಜನ್ಮದಲ್ಲಿ ಹಾಕಿರಲಿಲ್ಲ.