ಯಂತ್ರ ಇಟ್ಟ ಜಾಗ

ಎಲ್ಲಕ್ಕೂ ಕಾರಣ ಆ ಫ್ಲೆಕ್ಸು. ಪುತ್ತಿಗೆಯ ಯುವಕ ಮಂಡಲದವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಹಾಕಿಸಿದ್ದರು: ‘ಯಂತ್ರ ವಿನ್ಯಾಸದಲ್ಲಿ ಉನ್ನತ ಸಂಶೋಧನೆ ನಡೆಸುತ್ತಿರುವ ನಮ್ಮೂರ ಹೆಮ್ಮೆ ಅಕ್ಷಿತ್‌ಗೆ ಅಭಿನಂದನೆಗಳು.’ ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಎಂ.ಟೆಕ್ ಮಾಡುವ ಹುಡುಗ ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಮಂಡಲದ ಕಾರ್ಯದರ್ಶಿಗೆ ಕನ್ನಡದ ಅಭಿಮಾನ ಸ್ವಲ್ಪ ಜಾಸ್ತಿ. ಸಾಲದ್ದಕ್ಕೆ ಅವರಿಗೆ ಸಿಕ್ಕಿದ ಫೋಟೋ ಅಕ್ಷಿತನ ಅಕ್ಕನ ಮದುವೆಯದ್ದು. ಹಣೆ ತುಂಬ ಗಂಧ, ಹೆಗಲಲ್ಲಿ ಶಾಲು, ಹೋಮದ ಹೊಗೆಗೆ ಅರ್ಧ ಮುಚ್ಚಿದ ಕಣ್ಣು.

ಫ್ಲೆಕ್ಸು ಎದ್ದ ವಾರದಲ್ಲೇ ಐದು ಮಂದಿ ಮನೆಗೆ ಬಂದರು. ಒಬ್ಬರ ದನ ಹಾಲು ಕೊಡುತ್ತಿರಲಿಲ್ಲ, ಇನ್ನೊಬ್ಬರ ಅಳಿಯ ದುಬಾಯಿಯಿಂದ ಫೋನು ಮಾಡುತ್ತಿರಲಿಲ್ಲ. ಎಲ್ಲರಿಗೂ ಬೇಕಾದದ್ದು ತಗಡಿನಲ್ಲಿ ಗೆರೆ ಎಳೆದು ಮಂತ್ರಿಸಿ ಕೊಡುವ ಯಂತ್ರ. “ನನ್ನದು ಆ ಯಂತ್ರ ಅಲ್ಲ, ಮೆಷಿನು” ಎಂದು ಹೇಳಿ ಹೇಳಿ ಅಕ್ಷಿತನ ಗಂಟಲು ಒಣಗಿತು. “ಗೊತ್ತಿದ್ದವರು ಗೊತ್ತುಂಟು ಅಂತ ಹೇಳುವುದಿಲ್ಲ” ಎಂದು ಅವರು ತಂದ ತೆಂಗಿನಕಾಯಿಯನ್ನು ಜಗಲಿಯಲ್ಲಿಟ್ಟು ಹೋದರು.

ಹಾಗಾಗಿ ಆ ಶುಕ್ರವಾರ ಬೆಳಿಗ್ಗೆ ಹಿಟ್ಟಿನ ಮಿಲ್ಲಿನ ಜಲಜಾಕ್ಷಿಯಕ್ಕ ಫೋನು ಮಾಡಿ “ಮಿಲ್ಲಿಗೆ ಭಾರೀ ಉಪದ್ರ ಮಗ, ನಡುಗ್ತದೆ” ಎಂದಾಗ ಅವನಿಗೆ ದೇವರೇ ಮಾತಾಡಿದ ಹಾಗಾಯಿತು. ಹದಿನಾಲ್ಕು ತಿಂಗಳಿಂದ ಅವನು ಮಾಡುತ್ತಿದ್ದದ್ದೇ ಅದು, ಮೆಷಿನಿನ ನಡುಕ ಹೀರುವ ಪ್ಲೇಟು. ಕಾಲೇಜಿನ ಲ್ಯಾಬಿನಲ್ಲಿ ಎಲ್ಲ ಸರಿ ಬಂದಿತ್ತು. ಹೊರಗೆ ಒಂದು ನಿಜವಾದ ಮೆಷಿನಿನಲ್ಲಿ ಶೇಕಡಾ ಅರುವತ್ತರಷ್ಟಾದರೂ ನಡುಕ ಕಡಿಮೆಯಾದದ್ದನ್ನು ಅಳೆದು, ಅದೇ ಸಂಜೆ ಐದರೊಳಗೆ ಗೈಡು ಹರಿನಾಥ ಸರ್‌ಗೆ ಕಳಿಸಬೇಕಿತ್ತು. ಕಳಿಸಿದರೆ ಡಿಗ್ರಿ, ಡಿಗ್ರಿ ಸಿಕ್ಕಿದರೆ ಕೊಯಮತ್ತೂರಿನ ಪಂಪಿನ ಕಂಪೆನಿಯಲ್ಲಿ ಡಿಸೈನಿನ ಕೆಲಸ. ತಪ್ಪಿದರೆ ಇನ್ನು ಆರು ತಿಂಗಳು. ಕಂಪೆನಿ ಅಷ್ಟು ಕಾಯುವುದಿಲ್ಲ.

ಮಿಲ್ಲು ನಿಜಕ್ಕೂ ನಡುಗುತ್ತಿತ್ತು, ಮೊದಲ ಸಲ ವೇದಿಕೆಗೆ ಹತ್ತಿದವನ ಮೊಣಕಾಲಿನ ಹಾಗೆ. ಅಕ್ಷಿತ್ ಮೊಬೈಲನ್ನು ನೆಲದಲ್ಲಿಟ್ಟು ನಡುಕ ಅಳೆದುಕೊಂಡ. ಆಮೇಲೆ ಚೀಲದಿಂದ ನಾಲ್ಕು ಪ್ಲೇಟು ತೆಗೆದ. ಅಂಗೈಯಗಲದ ಸ್ಟೀಲು, ನಡುವೆ ರಬ್ಬರು, ಮೇಲೆ ವೃತ್ತದೊಳಗೆ ಷಟ್ಕೋನ, ಷಟ್ಕೋನದೊಳಗೆ ವೃತ್ತ, ಮೂಲೆಯಲ್ಲಿ ಅಕ್ಷರ, ಅಂಕೆ.

ಜಲಜಾಕ್ಷಿಯಕ್ಕ ಚಪ್ಪಲಿ ಬಿಟ್ಟು ಹತ್ತಿರ ಬಂದಳು. “ಇದನ್ನು ಬರೀಲಿಕ್ಕೆ ಎಷ್ಟು ದಿನ ಕೂತಿದ್ದಿ?”

“ಹದಿನಾಲ್ಕು ತಿಂಗಳು.”

“ಅಷ್ಟೂ ದಿನ ಮೀನು ಬಿಟ್ಟಿದ್ದಿಯಾ?”

“ಹಾಸ್ಟೆಲಲ್ಲಿ ದಿನಾ ಮೀನೇ ಅಕ್ಕ.”

“ಹೋಗ್ಲಿ, ಇನ್ನು ಯಾರಿಗೂ ಹೇಳ್ಬೇಡ. ಎಲ್ಲಿ ಇಡುವುದು?”

“ನಾಲ್ಕು ಮೂಲೆಗೆ ನಾಲ್ಕು.”

“ಅದು ಗೊತ್ತುಂಟು, ಹಾಗೇ ಇಡುವುದು” ಎಂದು ಅವಳು ತಲೆಯಾಡಿಸಿದಳು. ಇದು ಆ ಯಂತ್ರ ಅಲ್ಲ ಎಂದು ಹೇಳಲು ಬಾಯಿ ತೆರೆದ ಅಕ್ಷಿತ್ ಹಾಗೇ ಮುಚ್ಚಿದ. ಇಡುವುದಕ್ಕೆ ಬಿಡುತ್ತಾಳಲ್ಲ, ಏನೆಂದುಕೊಂಡರೇನು? ಅಲ್ಲೇ ಅವನು ತಪ್ಪಿದ್ದು.

ಮಿಲ್ಲಿನ ಕೆಲಸದ ಮಹಾಲಿಂಗ ಜಾಕಿ ಕೊಟ್ಟು ಎತ್ತಿದ. ನಾಲ್ಕು ಕಾಲಿನಡಿಗೆ ನಾಲ್ಕು ಪ್ಲೇಟು ಇಟ್ಟು ಮಿಲ್ಲನ್ನು ಇಳಿಸಿದ್ದೇ ತಡ, ಕರೆಂಟು ಹೋಯಿತು. ಲೈನಿನ ಕೆಲಸವಂತೆ, ಮೂರಕ್ಕೆ ಬರುತ್ತದಂತೆ. ಅಕ್ಷಿತ್ ಊಟಕ್ಕೆ ಮನೆಗೆ ಹೋದ.

ಮೂರೂಕಾಲಿಗೆ ಓಡಿ ಬಂದು ನೋಡಿದರೆ ಮಿಲ್ಲು ಹಾಲು ಕುಡಿದು ಮಲಗಿದ ಬೆಕ್ಕಿನ ಹಾಗೆ ಗುರುಗುಡುತ್ತಿತ್ತು. ಅಕ್ಕಿ ತಂದು ಸಾಲಲ್ಲಿ ನಿಂತಿದ್ದ ಅಪ್ಪಿಯಕ್ಕ ಮಿಲ್ಲಿನ ಮೈ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅಕ್ಷಿತ್ ಅಳೆದ. ನಡುಕ ಶೇಕಡಾ ಎಂಬತ್ತೊಂದು ಕಡಿಮೆ. ಇನ್ನೊಮ್ಮೆ ಅಳೆದ. ಎಂಬತ್ತೊಂದೇ. ಕೂಡಲೇ ಸರ್‌ಗೆ ಕಳಿಸಿದ.

ಎರಡೇ ನಿಮಿಷದಲ್ಲಿ ಹರಿನಾಥ ಸರ್ ಫೋನು ಮಾಡಿದರು. “ಅಕ್ಷಿತ್, ನೀನು ಲೆಕ್ಕ ಹಾಕಿದ್ದು ಅರುವತ್ತೆರಡು. ಎಂಬತ್ತೊಂದು ಹೇಗೆ ಬಂತು? ರಬ್ಬರು ಭಾರಕ್ಕೆ ಹೇಗೆ ಕೂತಿದೆ ಅಂತ ನೋಡ್ಬೇಕು. ಮೆಷಿನು ಎತ್ತಿ ಒಂದು ಫೋಟೋ ಕಳಿಸು. ಇದು ದೊಡ್ಡ ಪೇಪರ್ ಆಗ್ತದೆ.”

ಮಹಾಲಿಂಗ ಮತ್ತೆ ಜಾಕಿ ಕೊಟ್ಟ. ಅಕ್ಷಿತ್ ಮಂಡಿಯೂರಿ ಮೊಬೈಲಿನ ಟಾರ್ಚು ಹಾಕಿದ. ಸ್ಟೀಲೂ ಇಲ್ಲ, ಷಟ್ಕೋನವೂ ಇಲ್ಲ. ಅಲ್ಲಿದ್ದದ್ದು ನೀಲಿ ಬಣ್ಣದ ಹವಾಯಿ ಚಪ್ಪಲಿಯ ತುಂಡು. ಒಂದೊಂದು ಕಾಲಿನಡಿಗೆ ಎರಡೆರಡು, ಮಡಚಿದ ವೀಳ್ಯದ ಹಾಗೆ.

“ನನ್ನ ಪ್ಲೇಟು ಎಲ್ಲಿ?”

“ದೇವರ ಪೀಠದಲ್ಲಿ” ಎಂದು ಜಲಜಾಕ್ಷಿಯಕ್ಕ ಮಿಲ್ಲಿನ ಒಳಗೋಡೆಯ ಕಡೆಗೆ ಕೈ ತೋರಿಸಿದಳು. “ಯಂತ್ರವನ್ನು ಕಾಲಡಿಗೆ ಇಡ್ಲಿಕ್ಕೆ ಆಗ್ತದಾ ಮಾರಾಯ? ನೀನು ಓದಿದವ, ನಿನಗೆ ಅಷ್ಟು ಗೊತ್ತಾಗುದಿಲ್ಲವಾ? ನೀನು ಹೋದ ಕೂಡಲೇ ತೆಗೆಸಿ, ತೊಳೆದು, ಪೀಠದ ನಾಲ್ಕು ಮೂಲೆಗೆ ಇಟ್ಟೆ. ನೋಡು, ಮಿಲ್ಲು ಹೇಗೆ ತಣ್ಣಗಾಯ್ತು.”

“ಮತ್ತೆ ಈ ಚಪ್ಪಲಿ ಎಂತದ್ದು?”

“ಅದು ನಾನು ಇಟ್ಟದ್ದು” ಎಂದ ಮಹಾಲಿಂಗ, ತಪ್ಪು ಮಾಡಿದವನ ಹಾಗೆ. “ಬೆಲ್ಟನ್ನು ನಿಮ್ಮ ಪ್ಲೇಟಿನ ಎತ್ತರಕ್ಕೆ ಸರಿ ಮಾಡಿದ್ದೆ, ಅದು ತೆಗ್ದಾಗ ಎತ್ತರ ಸಾಕಾಗ್ಲಿಲ್ಲ.”

ಅಕ್ಷಿತ್ ಅಕ್ಕಿಯ ಚೀಲದ ಮೇಲೆ ಕುಳಿತ. ಗಂಟೆ ನಾಲ್ಕು. ಮಹಾಲಿಂಗ ಬಗ್ಗಿ ಮೆಲ್ಲಗೆ ಹೇಳಿದ: “ಫೋಟೋಕ್ಕೆ ಮಾತ್ರ ಪ್ಲೇಟು ಇಡುವ. ಫೋಟೋದಲ್ಲಿ ನಡುಕ ಕಾಣುದಿಲ್ಲ.”

ಕಾಣುವುದಿಲ್ಲ, ನಿಜ. ಯಾರಿಗೂ ಗೊತ್ತಾಗುವುದೂ ಇಲ್ಲ. ಹದಿನಾಲ್ಕು ತಿಂಗಳ ರಾತ್ರಿ ಹಗಲು, ಕಂಪ್ಯೂಟರಿನ ಮುಂದೆ ಸವೆದ ಕಣ್ಣು, ಅಮ್ಮ ಊರಿಗೆಲ್ಲ ಹೇಳಿ ಮುಗಿಸಿದ್ದ ಕೊಯಮತ್ತೂರಿನ ಕೆಲಸ, ಎಲ್ಲ ಒಂದು ಫೋಟೋದಾಚೆಗೆ ನಿಂತು ಅವನನ್ನೇ ನೋಡುತ್ತಿದ್ದವು. ಆದರೆ ಅವನನ್ನು ಇನ್ನೊಂದು ಆಸೆ ಅದಕ್ಕಿಂತ ಜೋರಾಗಿ ಕಚ್ಚಿತು. ತನ್ನ ಪ್ಲೇಟು ಕೆಲಸ ಮಾಡುತ್ತದೋ ಇಲ್ಲವೋ? ಅದನ್ನು ಇನ್ನೂ ಯಾರೂ ಅಳೆದೇ ಇಲ್ಲವಲ್ಲ. ತಿಳಿಯದೆ ಡಿಗ್ರಿ ತೆಗೆದುಕೊಂಡರೆ ಜೀವನವಿಡೀ ಪ್ರತಿ ಮೆಷಿನಿನ ಹತ್ತಿರವೂ ಈ ಪ್ರಶ್ನೆ ಕೇಳಿಸುತ್ತದೆ.

“ಅಕ್ಕ, ಹತ್ತು ನಿಮಿಷಕ್ಕೆ ಆ ಪ್ಲೇಟು ಕೊಡಿ. ಕಾಲಡಿಗೆ ಇಟ್ಟು ಒಮ್ಮೆ ನೋಡ್ತೇನೆ.”

“ಇಟ್ಟ ಯಂತ್ರ ತೆಗಿಯುದಾ? ದೋಷ ಬಂದ್ರೆ ನೀನೇ ಜವಾಬ್ದಾರಿ.”

“ನಾನೇ.”

ಅವಳು ಕೈಮುಗಿದು, ಒಂದೊಂದಾಗಿ ಕುಂಕುಮ ಹಚ್ಚಿದ ಪ್ಲೇಟು ತಂದುಕೊಟ್ಟಳು. ಮಹಾಲಿಂಗ ಚಪ್ಪಲಿ ತೆಗೆದ, ಪ್ಲೇಟು ಇಟ್ಟ. ಮಿಲ್ಲು ತಿರುಗಿತು. ನಡುಕ ಬೆಳಗಿನಷ್ಟು ಇರಲಿಲ್ಲ, ಆದರೆ ಬೆಕ್ಕು ಎದ್ದು ಕುಳಿತಿತ್ತು. ಅಕ್ಷಿತ್ ಮೂರು ಸಲ ಅಳೆದ. ಐವತ್ತೆರಡು, ಐವತ್ತೆರಡು, ಐವತ್ತೆರಡು.

ನಾಲ್ಕೂವರೆಗೆ ಅವನು ಅದನ್ನೇ ಬರೆದು ಕಳಿಸಿದ. ಮೊದಲಿನ ಅಂಕೆ ಚಪ್ಪಲಿಯದ್ದು, ಈಗಿನದು ನನ್ನದು, ಸರ್. ಉತ್ತರ ಬಂದದ್ದು ಒಂದೇ ಸಾಲು: ‘ಮುಂದಿನ ಸೆಮಿಸ್ಟರಿಗೆ ನೋಡುವ. ಚಪ್ಪಲಿಯ ಒಂದು ತುಂಡು ಲ್ಯಾಬಿಗೆ ತಾ.’

“ಎಷ್ಟು ಬಂತು?” ಜಲಜಾಕ್ಷಿಯಕ್ಕ ಕೇಳಿದಳು.

“ಐವತ್ತೆರಡು.”

“ಆಗ?”

“ಎಂಬತ್ತೊಂದು.”

ಅವಳು ಸಾಲಿನಲ್ಲಿದ್ದವರ ಕಡೆಗೆ ತಿರುಗಿದಳು. “ಕೇಳಿದಿರಲ್ಲ? ಪೀಠದಲ್ಲಿದ್ದಾಗ ಎಂಬತ್ತೊಂದು, ಕಾಲಡಿಗೆ ಬಂದಾಗ ಐವತ್ತೆರಡು. ನಾನು ಹೇಳಿದ್ದಲ್ಲ, ಅವನೇ ಮೊಬೈಲಿನಲ್ಲಿ ಅಳೆದದ್ದು.”

ಅಕ್ಷಿತ್ ಬಾಯಿ ತೆರೆದ. ಹೇಳಬೇಕೆಂದರೆ ಹೇಳಬಹುದಿತ್ತು. ಆದರೆ ಅವಳ ವಾದದಲ್ಲಿ ಅಳತೆ ಇತ್ತು, ಹೋಲಿಕೆ ಇತ್ತು, ನಾಲ್ಕು ಮಂದಿಯ ಸಾಕ್ಷಿಯಿತ್ತು. ಅವನ ಥೀಸಿಸಿನಲ್ಲಿ ಕೂಡ ಅಷ್ಟು ಇರಲಿಲ್ಲ. ಅವಳು ಪ್ಲೇಟುಗಳನ್ನು ತೊಳೆದು ಪೀಠಕ್ಕೆ ಏರಿಸಿದಳು. ಮಹಾಲಿಂಗ ಸುಮ್ಮನೆ ಚಪ್ಪಲಿಯ ತುಂಡುಗಳನ್ನು ಹಿಂದಿನ ಜಾಗಕ್ಕೆ ಸೇರಿಸಿದ. ಬೆಕ್ಕು ಮತ್ತೆ ಮಲಗಿತು.

ಅಕ್ಷಿತ್ ಖಾಲಿ ಚೀಲ ಹೆಗಲಿಗೆ ಹಾಕಿ ಹೊರಟಾಗ ಅಪ್ಪಿಯಕ್ಕ ಹಿಂದೆಯೇ ಬಂದಳು. ಅವಳ ಮನೆಯ ಗ್ರೈಂಡರಿಗೂ ಅದೇ ಉಪದ್ರವಂತೆ.

“ನಮಗೂ ಒಂದು ಯಂತ್ರ ಬರೆದು ಕೊಡು ಮಗ” ಎಂದಳು. “ಚಪ್ಪಲಿ ನಮ್ಮಲ್ಲೇ ಉಂಟು.”